ದಿನಾ ಓಡಿಸುವ ಕಾರಿಗೆ ಕಾಯಿಲೋವರ್ ಬೇಕೇ, ಕಂಪನಿ ಸಸ್ಪೆನ್ಷನ್ನೇ ಸಾಕೇ?

ಎಪ್ಪತ್ತು ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಕಾರು ಹೈವೇಯಲ್ಲಿ ತೇಲಿದಂತಾಗುತ್ತದೆ, ತಿರುವಿನಲ್ಲಿ ವಾಲುತ್ತದೆ, ಹಂಪ್ ಇಳಿದ ಮೇಲೆ ಎರಡು ಸಲ ಕುಣಿಯುತ್ತದೆ. ಕೂಡಲೇ ಕಾಯಿಲೋವರ್ (ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಯೋಚನೆ ಬರುತ್ತದೆ. ಆದರೆ ಇಂಥ ಎಷ್ಟೋ ಕಾರುಗಳಿಗೆ ಬೇಕಿರುವುದು ನಾಲ್ಕು ಹೊಸ ಶಾಕ್ ಅಬ್ಸಾರ್ಬರ್, ಅಷ್ಟೇ. ಸವೆದುಹೋದ ಕಂಪನಿ ಶಾಕನ್ನು ಹೊಚ್ಚಹೊಸ ಕಾಯಿಲೋವರ್ ಜತೆ ಹೋಲಿಸಿದರೆ ಗೆಲ್ಲುವುದು ಯಾವುದೆಂದು ಹೇಳಬೇಕಾಗಿಲ್ಲ. ಹೋಲಿಕೆ ಮಾಡುವುದಿದ್ದರೆ ಹೊಸದನ್ನು ಹೊಸದರ ಜತೆಗೇ ಮಾಡಬೇಕು.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಮಾರುತಿ ಸ್ವಿಫ್ಟ್ ತೆಗೆದುಕೊಳ್ಳಿ: ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದಾಗಿರುವ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರ ಜೋಡಿಸುವ ಅಡ್ಡತೊಲೆ). ಮುಂದಿನ ಸ್ಟ್ರಟ್‌ನಲ್ಲಿ ಸ್ಪ್ರಿಂಗು ಕಂಪನಿಯಿಂದ ಬರುವಾಗಲೇ ಶಾಕಿನ ಮೈಮೇಲೆ ಕೂತಿರುತ್ತದೆ. ಅಂಗಡಿಯಲ್ಲಿ ಕಾಯಿಲೋವರ್ ಎಂದು ಮಾರುವುದರಲ್ಲಿ ಹೊಸದೇನೆಂದರೆ ಶಾಕಿನ ಮೈಗೆ ಕೊರೆದ ಥ್ರೆಡ್ ಮತ್ತು ಅದರ ಮೇಲೆ ಮೇಲೆ-ಕೆಳಗೆ ತಿರುಗುವ ಕಾಲರ್, ಅಂದರೆ ಸ್ಪ್ರಿಂಗ್ ಕೂರುವ ಬಳೆ. ಹಿಂಚಕ್ರಗಳಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಕಿಟ್‌ನಲ್ಲಿ ಅಲ್ಲಿಗೆ ಕೊಡುವುದೂ ಬೇರೆ ಬೇರೆ ಸ್ಪ್ರಿಂಗ್ ಮತ್ತು ಶಾಕ್, ಜತೆಗೆ ಎತ್ತರ ಹೊಂದಿಸುವ ಒಂದು ಅಡ್ಜಸ್ಟರ್. ಹೆಸರಿಗೆ ನಾಲ್ಕು ಕಾಯಿಲೋವರ್, ನಿಜದಲ್ಲಿ ಎರಡು!

ಕೇಬಲ್ ಟೈ ಪರೀಕ್ಷೆ

ಇಡೀ ನಿರ್ಧಾರ ನಿಂತಿರುವುದು ಟ್ರಾವೆಲ್ ಮೇಲೆ, ಅಂದರೆ ಚಕ್ರ ಮೇಲೆ-ಕೆಳಗೆ ಆಡಲು ಇರುವ ಜಾಗದ ಮೇಲೆ. ಅದು ಎಷ್ಟು ಖರ್ಚಾಗುತ್ತಿದೆ ಎಂದು ಒಂದೆರಡು ರೂಪಾಯಿಯ ಕೇಬಲ್ ಟೈ ಹೇಳುತ್ತದೆ.

ಸಮತಟ್ಟು ನೆಲದಲ್ಲಿ ಮುಂಭಾಗವನ್ನು ಜ್ಯಾಕ್ ಮಾಡಿ, ಜ್ಯಾಕ್ ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿ. ಸ್ಟ್ರಟ್‌ನ ರಬ್ಬರ್ ಡಸ್ಟ್ ಕವರ್ ಮೇಲಕ್ಕೆ ಸರಿಸಿದರೆ ಹೊಳೆಯುವ ರಾಡ್ ಕಾಣುತ್ತದೆ. ಅದಕ್ಕೆ ಟೈ ಕಟ್ಟಿ, ಶಾಕಿನ ಮೈಗೆ ತಾಗುವಂತೆ ಕೆಳಗೆ ಕೂರಿಸಿ. ಬೆರಳಲ್ಲಿ ತಳ್ಳಿದರೆ ಜರುಗಬೇಕು, ತಾನಾಗಿ ಜಾರಬಾರದು. ಚಕ್ರ ಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು ನಿತ್ಯದ ದಾರಿಯಲ್ಲೇ ಒಂದು ಸುತ್ತು ಹೋಗಿಬನ್ನಿ. ಆಮೇಲೆ ಕಾರು ನೆಲದ ಮೇಲೇ ನಿಂತಿರುವಾಗ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎರಡು ಅಳತೆ ತೆಗೆಯಿರಿ. ಶಾಕಿನ ತುದಿಯಿಂದ ಟೈವರೆಗೆ ಎಷ್ಟೋ ಅಷ್ಟು ಖರ್ಚಾದ ಟ್ರಾವೆಲ್. ಶಾಕಿನ ತುದಿಯಿಂದ ಮೇಲಿನ ಬಂಪ್ ಸ್ಟಾಪ್ ರಬ್ಬರಿನವರೆಗೆ ಎಷ್ಟೋ ಅಷ್ಟು ಇರುವ ಟ್ರಾವೆಲ್.

ಟೈ ಆಗಲೇ ಬಂಪ್ ಸ್ಟಾಪ್ ಮುಟ್ಟಿದ್ದರೆ ಕಾರನ್ನು ಇಳಿಸುವ ಮಾತು ಬಿಡಿ. 25 ಮಿ.ಮೀ ಮಿಕ್ಕಿದ್ದರೆ, ಸ್ಪ್ರಿಂಗ್ ಬದಲಿಸದೆ 25 ಮಿ.ಮೀ ಇಳಿಸಿದ ದಿನ ಅದೂ ಮುಗಿಯಿತು. ಆಮೇಲೆ ಹೊಂಡದ ಏಟು ತಿನ್ನುವುದು ಬಂಪ್ ಸ್ಟಾಪು, ಸ್ಟ್ರಟ್ ಮೌಂಟು, ಕೊನೆಗೆ ಬಾಡಿ.

ಗಟ್ಟಿ ಸ್ಪ್ರಿಂಗಿನ ಲೆಕ್ಕ

ಸಣ್ಣ ಹ್ಯಾಚ್‌ಬ್ಯಾಕಿನ ಒಂದು ಮುಂಚಕ್ರದ ಸ್ಪ್ರಿಂಗಿನ ಮೇಲೆ ಸುಮಾರು 260 ಕಿಲೋ ಭಾರ ಅಂದುಕೊಳ್ಳಿ. ಕಂಪನಿ ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು 20 ನ್ಯೂಟನ್ (ಸುಮಾರು 2 ಕಿಲೋ ಭಾರ) ಬೇಕಿದ್ದರೆ ಆ ಭಾರಕ್ಕೆ 127 ಮಿ.ಮೀ ಕುಗ್ಗುತ್ತದೆ, ಬಾಡಿ ಸೆಕೆಂಡಿಗೆ 1.4 ಸಲ ತೂಗುತ್ತದೆ. ಕಾಯಿಲೋವರ್ ಕಿಟ್‌ನಲ್ಲಿ 50 ನ್ಯೂಟನ್ (ಡಬ್ಬದ ಮೇಲೆ 5 ಕೆ, ಅಂದರೆ ಮಿಲಿಮೀಟರಿಗೆ 5 ಕಿಲೋ, ಎಂದಿರುತ್ತದೆ) ಸ್ಪ್ರಿಂಗ್ ಬಂದರೆ ಕುಗ್ಗುವುದು 51 ಮಿ.ಮೀ, ತೂಗುವುದು 2.2 ಸಲ. ಒಂದರ ಆಸುಪಾಸು ಇದ್ದರೆ ಮೈಗೆ ಹಿತ. ಎರಡು ದಾಟಿದರೆ ಟ್ರ್ಯಾಕ್ ಕಾರಿನ ಲೆಕ್ಕ. ಹಿಂದೆ ಕೂತ ಅಜ್ಜಿಯ ಸೊಂಟಕ್ಕೆ ಆಗಿಬರುವುದಿಲ್ಲ.

ಆ 51ರಲ್ಲಿ ಇನ್ನೊಂದು ಪೇಚಿದೆ. ಚಕ್ರ ಹೊಂಡಕ್ಕೆ ಇಳಿಯುವಾಗ ಸ್ಪ್ರಿಂಗು ಅದನ್ನು ಕೆಳಕ್ಕೆ ಒತ್ತಬೇಕು. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿ ಕೂರಿಸುವುದು) ಇಲ್ಲದಿದ್ದರೆ 51 ಮಿ.ಮೀ ಆದ ಕೂಡಲೇ ಸ್ಪ್ರಿಂಗಿನ ಬಲ ಮುಗಿಯುತ್ತದೆ. ಶಾಕ್ ಇನ್ನೂ ಚಾಚಿಕೊಂಡರೆ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ "ಟಕ್" ಎನ್ನುತ್ತದೆ. ಕಾಲರ್ ಬಿಗಿದು ಪ್ರೀಲೋಡ್ ಕೊಟ್ಟರೆ ಸದ್ದು ನಿಲ್ಲುತ್ತದೆ. ಹಾಗೆ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ಮಾತು ಮಾತ್ರ ಸುಳ್ಳು. ಸಾಮಾನ್ಯ ಸ್ಪ್ರಿಂಗಿನಲ್ಲಿ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಲೆಕ್ಕ ಅದೇ ಇರುತ್ತದೆ. ಟ್ರಾವೆಲ್ ಎಲ್ಲಿ ಶುರುವಾಗುತ್ತದೆ ಎಂಬುದಷ್ಟೇ ಬದಲಾಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಗಟ್ಟಿ ಸ್ಪ್ರಿಂಗಿಗೂ ಒಂದು ಲಾಭವಿದೆ. ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ, ಅದು ಖಾಲಿ ಕಾರಿನದು. ಐವರು ಮತ್ತು ಸಾಮಾನು ಸೇರಿದರೆ ಮೇಲಿನಂಥ ಮೆತ್ತನೆ ಸ್ಪ್ರಿಂಗಿನಲ್ಲಿ ನಡುಭಾಗ ಸುಮಾರು 40 ಮಿ.ಮೀ ಇಳಿದು 120ರ ಹತ್ತಿರ ನಿಲ್ಲುತ್ತದೆ. ಕಾಯಿಲೋವರಿನಲ್ಲಿ 30 ಮಿ.ಮೀ ಇಳಿಸಿದರೂ ಭಾರಕ್ಕೆ ಇಳಿಯುವುದು 16 ಮಿ.ಮೀ ಆಸುಪಾಸು, ಕೊನೆಗೆ 117. ವ್ಯತ್ಯಾಸ ಅತ್ಯಲ್ಪ. ಅದೇ ಕಂಪನಿ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ 30 ಇಳಿಸಿದವರಿಗೆ ಮಿಗುವುದು 90 ಚಿಲ್ಲರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ ಎತ್ತರ, ಎರಡೂ ಚಕ್ರ ಅದರ ಬೆನ್ನ ಮೇಲೇ ಇರುವುದರಿಂದ ನಿಧಾನಕ್ಕೆ ದಾಟಿದರೆ ತೊಂದರೆಯಿಲ್ಲ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಎರಡಡಿ ಅಗಲದ ಹಂಪ್ ಹಾಗಲ್ಲ, ಚಕ್ರಗಳ ನಡುವೆ ಪೂರ್ತಿ ಎತ್ತರಕ್ಕೆ ನಿಲ್ಲುತ್ತದೆ. ಸ್ಪ್ರಿಂಗ್ ಕತ್ತರಿಸುವುದು, ಕಾಯಿಸಿ ಇಳಿಸುವುದು ಎರಡೂ ಬೇಡವೇ ಬೇಡ.

ಹಾಗಾದರೆ ಯಾವುದು?

ಆಫೀಸು, ಶಾಲೆ, ವರ್ಷಕ್ಕೆರಡು ಸಲ ಶಿರಾಡಿ ಘಾಟ್: ಇಷ್ಟೇ ಆದರೆ ಕಂಪನಿ ಅಥವಾ ಗೇಬ್ರಿಯಲ್, ಕೆವೈಬಿ, ಮನ್ರೋದಂಥವರ ಶಾಕ್ ಸಾಕು. ಜೋಡಿಯಾಗಿಯೇ ಬದಲಿಸಿ. ಜತೆಗೆ ಸ್ಟ್ರಟ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್, ಲಿಂಕ್ ರಾಡ್ (ವಾಲುವುದನ್ನು ತಡೆಯುವ ಸರಳನ್ನು ಸ್ಟ್ರಟ್‌ಗೆ ಜೋಡಿಸುವ ಕೊಂಡಿ) ಕೂಡ ಹೊಸದಿರಲಿ. ಇವನ್ನು ಉಳಿಸಲು ಹೋದರೆ ಮೂರೇ ತಿಂಗಳಲ್ಲಿ ಅದೇ ಸ್ಟ್ರಟ್ ಮತ್ತೆ ಬಿಚ್ಚುವ ಕೂಲಿ ಬೀಳುತ್ತದೆ.

ಎತ್ತರ ಹಾಗೇ ಇರಲಿ, ಹಿಡಿತ ಹೆಚ್ಚಲಿ ಎನ್ನುವವರಿಗೆ ನಡುದಾರಿಯೂ ಇದೆ. ಬಿಲ್‌ಸ್ಟೈನ್ ಬಿ6 ನಿಮ್ಮ ಕಾರಿಗೆ ಸಿಗುವುದಾದರೆ ಅದು ಕಂಪನಿ ಸ್ಪ್ರಿಂಗಿಗೇ ಕೂರುವ ಬಿಗಿ ಶಾಕ್. ಬಿ8 ಇಳಿಸಿದ ಸ್ಪ್ರಿಂಗಿಗೆ ಮಾಡಿದ ಗಿಡ್ಡ ಶಾಕ್. ಎರಡನ್ನೂ ಅದಲುಬದಲು ಮಾಡಬೇಡಿ. ದಿನಾ ಓಡಿಸುವ ಕಾರಿಗೆ ನಮ್ಮ ಓಟು ಈ ನಡುದಾರಿಗೇ.

ತಿಂಗಳಿಗೊಮ್ಮೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಹೋಗುವವರು, ನಾಲ್ಕೂ ಚಕ್ರದ ಮೇಲೆ ಬೀಳುವ ತೂಕ ಹೊಂದಿಸಬೇಕಾದವರು ಕಾಯಿಲೋವರ್ ಕೊಳ್ಳಲಿ. ಆಗ ನೋಡಬೇಕಾದ್ದು ಹೀಗೆ. ಎತ್ತರ ಹೊಂದಿಕೆ ಕೆಳಗಿನ ಬ್ರ್ಯಾಕೆಟ್‌ನಲ್ಲಿ ಇರಲಿ, ಆಗ ಶಾಕಿನ ಟ್ರಾವೆಲ್ ಕಡಿಮೆಯಾಗುವುದಿಲ್ಲ. ಟಾಪ್ ಮೌಂಟ್ ರಬ್ಬರಿನದಿರಲಿ. ಪಿಲ್ಲೋ ಬಾಲ್ (ರಬ್ಬರಿನ ಬದಲು ಲೋಹದ ಗುಂಡಿನ ಕೀಲು) ಧೂಳು-ಮಳೆಗೆ ಸವೆದು ಲೋಹದ ಸದ್ದು ಮಾಡುತ್ತದೆ. ಬ್ರೇಕ್ ಹೋಸ್, ಎಬಿಎಸ್ ವೈರ್, ಲಿಂಕ್ ರಾಡ್‌ಗೆ ಬೇಕಾದ ಕ್ಲಿಪ್‌ಗಳು ಕಿಟ್‌ನ ಮೈಮೇಲೆಯೇ ಇವೆಯೇ ನೋಡಿ. ಸೀಲ್ ಬದಲಿಸಿ ರಿಪೇರಿ ಮಾಡುವವರು ದೇಶದಲ್ಲೇ ಇದ್ದಾರೆಯೇ ಎಂದು ಹಣ ಕೊಡುವ ಮೊದಲೇ ಕೇಳಿ.

ಹಾಕುವಾಗ ಕೆಡುವುದು

ಬಿಚ್ಚುವ ಮೊದಲು ಹಬ್ ನಡುವಿನಿಂದ ಫೆಂಡರ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಸ್ಟ್ರಟ್‌ನ ಮೇಲಿನ ನಟ್ ಮುಟ್ಟಬೇಡಿ, ಸ್ಪ್ರಿಂಗ್ ಹಾರಿದರೆ ಜೀವಕ್ಕೇ ಅಪಾಯ. ಆ ನಟ್ಟಿಗೆ ಇಂಪ್ಯಾಕ್ಟ್ ಗನ್ ಕೂಡ ಬೇಡ, ರಾಡ್ ಗಿರಗಿರ ತಿರುಗಿ ಸೀಲ್ ಹೋಗುತ್ತದೆ.

ಹೆಚ್ಚಿನ ಗ್ಯಾರೇಜುಗಳು ತಪ್ಪುವುದು ಬುಷ್, ಅಂದರೆ ಕೀಲುಗಳಲ್ಲಿರುವ ರಬ್ಬರ್ ವಿಷಯದಲ್ಲಿ. ಲೋವರ್ ಆರ್ಮ್ ಮತ್ತು ಹಿಂದಿನ ಬೀಮ್‌ನ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಆಗಬೇಕು.

ಎತ್ತರ ಬದಲಾದರೆ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ. ಅಲೈನ್‌ಮೆಂಟ್ ಬಿಟ್ಟರೆ ಟೈರಿನ ಅಂಚು ಒಂದು ಕಡೆ ಸವೆಯುತ್ತದೆ. ಸ್ಪ್ರಿಂಗ್ ಕೂತುಕೊಳ್ಳಲು ಸುಮಾರು 300 ಕಿ.ಮೀ ಓಡಿಸಿ, ಎತ್ತರ ಮತ್ತೆ ಅಳೆದು, ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟ್ ಮಟ್ಟವನ್ನೂ ಸರಿಪಡಿಸಿ.

ಶಾಕಿನ ಬಿಗಿ ಹೊಂದಿಸುವ ಡ್ಯಾಂಪಿಂಗ್ ನಾಬನ್ನು ಪೂರ್ತಿ ಬಿಗಿದು, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಿ. ಎಡ-ಬಲ ಒಂದೇ ಇರಲಿ. ರಂಬಲ್ ಸ್ಟ್ರಿಪ್ ಸಾಲಿನ ಮೇಲೆ ಕಾರು ಹಂತಹಂತವಾಗಿ ಕುಸಿದು ಗಡಸಾದರೆ ರಿಬೌಂಡ್ (ಶಾಕ್ ಮತ್ತೆ ಚಾಚಿಕೊಳ್ಳುವುದನ್ನು ತಡೆಯುವ ಬಿಗಿ) ಹೆಚ್ಚಾಗಿದೆ ಎಂದರ್ಥ, ಎರಡು ಕ್ಲಿಕ್ ಸಡಿಲಿಸಿ.

ಕಾಲರ್ ಮತ್ತು ಶಾಕಿನ ಮೈಗೆ ಸೇರಿಸಿ ಒಂದು ಬಣ್ಣದ ಗೀಟು ಎಳೆಯಿರಿ. ಸಡಿಲವಾದರೆ ಗೀಟು ತಪ್ಪುತ್ತದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಕೆಸರಿಗೆ ಥ್ರೆಡ್ ಹಿಡಿದುಬಿಡುತ್ತದೆ. ಮಳೆಗಾಲದ ಮುಂಚೆ ಮತ್ತು ನಂತರ ನೈಲಾನ್ ಬ್ರಷ್‌ನಿಂದ ತೊಳೆದು, ಒಣಗಿಸಿ, ತೆಳುವಾಗಿ ಆಂಟಿ-ಸೀಜ್ (ಥ್ರೆಡ್ ಹಿಡಿಯದಂತೆ ತಡೆಯುವ ಲೇಪ) ಹಚ್ಚಿ. ಗ್ರೀಸ್ ಬೇಡ, ಧೂಳು ಹಿಡಿದು ಅರೆಯುತ್ತದೆ.

ವಿಮೆ ಕಂಪನಿಗೆ ಬದಲಾವಣೆಯನ್ನು ಬರಹದಲ್ಲಿ ತಿಳಿಸಿ. ಬಿಚ್ಚಿದ ಹಳೆಯ ಸ್ಟ್ರಟ್ ಇನ್ನೂ ಚೆನ್ನಾಗಿದ್ದರೆ ಗ್ಯಾರೇಜಿನವರಿಗೆ ಬಿಟ್ಟು ಬರಬೇಡಿ. ಯಾವ ಚಕ್ರದ್ದೆಂದು ಬರೆದು, ನೆಟ್ಟಗೆ ನಿಲ್ಲಿಸಿಡಿ. ಕಾರು ಮಾರುವ ದಿನ ಬೇಕಾಗುತ್ತದೆ.