ಅಜ್ಜನ ಹದಿನೆಂಟು, ಹಲಗೆಯ ಮೇಲೆ ಇಪ್ಪತ್ತೇಳು

ನಮ್ಮಜ್ಜ ಕುಷ್ಟಗಿ ಸೀಮೆಯ ಹಳ್ಳಿಗಳಲ್ಲಿ ದೊಡ್ಡಾಟ ಕಲಿಸುತ್ತಿದ್ದರು. ತಾಲೀಮು ಮುಗಿದ ಮೇಲೆ ಹುಡುಗರಿಗೆ ಹೇಳೋರು: “ಮಹಾಭಾರತದ ಪರ್ವ ಹದಿನೆಂಟು, ಯುದ್ಧ ಹದಿನೆಂಟು ದಿನ, ದಂಡು ಹದಿನೆಂಟು ಅಕ್ಷೋಹಿಣಿ. ಒಂದು ಅಕ್ಷೋಹಿಣಿ ಅಂಕಿ ಕೂಡಿಸ್ರಿ, ಅದೂ ಹದಿನೆಂಟು!”

ಈಗ ಅದೇ ಸೀಮೆಯಲ್ಲಿ ನಾನು ಹತ್ತನೇ ತರಗತಿಗೆ ಗಣಿತ ಹೇಳುತ್ತೇನೆ. ಅವಿಭಾಜ್ಯ ಅಪವರ್ತನದ ಪಾಠಕ್ಕೆ ಈ ಸಲ ಅಜ್ಜನ ಲೆಕ್ಕವನ್ನೇ ಹಲಗೆಗೆ ತಂದೆ. ಒಂದು ಅಕ್ಷೋಹಿಣಿಯಲ್ಲಿ ರಥ 21,870, ಆನೆ 21,870, ಕುದುರೆ 65,610, ಕಾಲಾಳು 1,09,350, ಒಟ್ಟು 2,18,700. ಯಾವುದರ ಅಂಕಿ ಕೂಡಿಸಿದರೂ 18. ಪಾಂಡವರ ಏಳು ಅಕ್ಷೋಹಿಣಿ 15,30,900, ಮತ್ತೆ 18. ಕೌರವರ ಹನ್ನೊಂದು 24,05,700, ಅದೂ 18. ಮಕ್ಕಳು ಕುಣಿದಾಡಿದರು.

ಎರಡೂ ದಂಡು ಕೂಡಿಸಿದೆವು: 39,36,600.

“ಸರ್ರೀ, ಇಪ್ಪತ್ತೇಳು ಬರಾಕತ್ತೈತ್ರಿ,” ಅಂದಳು ಮುಂದಿನ ಸಾಲಿನ ಹುಡುಗಿ. ಇನ್ನೊಮ್ಮೆ ಕೂಡಿಸಲು ಹೇಳಿದೆ. ಮೂರು ಸಲವೂ 27. ಇಷ್ಟು ವರ್ಷ ಆ ಮಾತು ಹೇಳಿಕೊಂಡು ಬಂದ ನಾನು ಹದಿನೆಂಟು ಅಕ್ಷೋಹಿಣಿಯ ಮೊತ್ತವನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಸಂಖ್ಯೆಯನ್ನು ಒಡೆಯೋಣ ಅಂದೆ. ಭಾಗಿಸುತ್ತಾ ಹೋಗುವ ಬದಲು ದಂಡು ಕಟ್ಟಿದ ಹಾಗೆಯೇ ಕೆಳಗಿನಿಂದ ಹೊರಟೆವು. ಒಂದು ಪತ್ತಿ ಅಂದರೆ ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು, ಒಟ್ಟು ಹತ್ತು. ಮೂರು ಪತ್ತಿಗೆ ಒಂದು ಸೇನಾಮುಖ, ಮೂರು ಸೇನಾಮುಖಕ್ಕೆ ಒಂದು ಗುಲ್ಮ, ಹೀಗೆಯೇ ಗಣ, ವಾಹಿನಿ, ಪೃತನಾ, ಚಮೂ, ಅನೀಕಿನೀ. ಏಳು ಸಲ ಮೂರ್ಮಡಿ: 3ರ 7ನೇ ಘಾತ, 2187. ಹತ್ತು ಅನೀಕಿನೀ ಸೇರಿದರೆ ಅಕ್ಷೋಹಿಣಿ. ಅಂದರೆ 2187 × 10 × 10. ಇದನ್ನು 18ರಿಂದ ಗುಣಿಸಿದರೆ ಇನ್ನೊಂದು 2, ಇನ್ನೆರಡು 3 ಸೇರುತ್ತವೆ. ಹಾಗಾಗಿ 39,36,600ರಲ್ಲಿ ಮೂರು 2, ಒಂಬತ್ತು 3, ಎರಡು 5, ಬೇರೇನೂ ಇಲ್ಲ.

ಗುಟ್ಟು ಆ ಮೂರುಗಳಲ್ಲಿದೆ. 10 ಅಂದರೆ 9 + 1, 100 ಅಂದರೆ 99 + 1. ಆದ್ದರಿಂದ ಯಾವುದೇ ಸಂಖ್ಯೆಯಿಂದ ಅದರ ಅಂಕಿಗಳ ಮೊತ್ತ ಕಳೆದರೆ ಉಳಿಯುವುದು 9ರ ಗುಣಕ. ಸಂಖ್ಯೆ 9ರಿಂದ ಭಾಗವಾದರೆ ಅಂಕಿಗಳ ಮೊತ್ತವೂ ಆಗಲೇಬೇಕು. ಅದು 9 ಇರಬಹುದು, 18 ಇರಬಹುದು, 27 ಇರಬಹುದು. ಅಜ್ಜನ ಮಾತು ಒಂದು ಅಕ್ಷೋಹಿಣಿಯ ಮಟ್ಟಿಗೆ ನಿಜ. ಅದಕ್ಕೂ ಹಿಂದಿರುವ ನಿಜ ಒಂಬತ್ತರದ್ದು. ಅಜ್ಜ ಇದ್ದಿದ್ದರೆ ಓಡಿಹೋಗಿ ಹೇಳುತ್ತಿದ್ದೆ.

ಘಾತಸೂಚಿ, ಅಂದರೆ ಯಾವ ಅವಿಭಾಜ್ಯ ಎಷ್ಟು ಸಲ ಬಂದಿದೆ ಅನ್ನುವುದು, ಸಿಕ್ಕ ಮೇಲೆ ಉಳಿದದ್ದು ಸಲೀಸು. ಪ್ರತಿ ಘಾತಸೂಚಿಗೂ ಒಂದು ಕೂಡಿಸಿ ಗುಣಿಸಿದರೆ ಭಾಜಕಗಳು 4 × 10 × 3, ಅಂದರೆ 120. ಸಂಖ್ಯೆ ಪೂರ್ಣವರ್ಗವಲ್ಲ, 2 ಮತ್ತು 3ರ ಘಾತಸೂಚಿಗಳು ಬೆಸ. 6ರಿಂದ ಗುಣಿಸಿದರೆ 4860ರ ವರ್ಗ.

ಆ ಹುಡುಗಿ ಮರುದಿನ 120 ಭಾಜಕಗಳನ್ನೂ ಜೋಡಿ ಮಾಡಿ ಬರೆದು ತಂದಳು. ಅರವತ್ತು ಸಾಲು. ಮೊದಲ ಸಾಲು 1 × 39,36,600, ಕೊನೆಯದು 1944 × 2025. “ಇವೆರಡರ ನಡುವಿನ ಅಂತರ 81 ರೀ, ಅದೂ ಒಂಬತ್ತೊಂಬತ್ಲಿ,” ಅಂದಳು.