ಮಂಗಳೂರು ಕಾಣೆಯಾದ ದಿನ

ಕನ್ನಡ ಸುದ್ದಿ ತಾಣವೊಂದರ ಹುಡುಕು ಪೆಟ್ಟಿಗೆಯಲ್ಲಿ ಓದುಗ ಬರೆಯುತ್ತಿದ್ದಂತೆಯೇ ಮುಂದಿನ ಪದಗಳ ಸಲಹೆ ಕೊಡುವ ವ್ಯವಸ್ಥೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಾಗ, ಎರಡು ವಾರದಲ್ಲಿ ಮುಗಿಸುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಬಳಕೆಗೆ ಬಿಟ್ಟ ಮೊದಲ ದಿನ ಮಧ್ಯಾಹ್ನವೇ ವರದಿ ವಿಭಾಗದ ಹಿರಿಯರೊಬ್ಬರು ನನ್ನ ಮೇಜಿನ ಬಳಿ ಬಂದು, “ಏನಪ್ಪಾ, ಮಂಗಳೂರನ್ನು ಎಲ್ಲಿ ಮುಳುಗಿಸಿದೆ?” ಎಂದು ಕೇಳಿದರು. ‘ಮಂ’ ಎಂದು ಬರೆದರೆ ಮಂಡ್ಯ ಬರುತ್ತಿತ್ತು, ಮಂತ್ರಾಲಯ ಬರುತ್ತಿತ್ತು. ಮಂಗಳೂರು ಇಲ್ಲ. ಮಂಗಳವಾರವೂ ಇಲ್ಲ. ಸಲಹೆಗಳಲ್ಲಿ ಕೆಟ್ಟ ಪದ ಬರದಂತೆ ತಡೆಯಲು ನಾವು ತಂದುಕೊಂಡಿದ್ದ ಬೈಗುಳಗಳ ಪಟ್ಟಿಯಲ್ಲಿ ಯಾರೋ ಪುಣ್ಯಾತ್ಮರು ‘ಮಂಗ’ ಎಂಬ ಪದವನ್ನು ಸೇರಿಸಿದ್ದರು. ಆ ಎರಡಕ್ಷರ ಎಲ್ಲಿ ಕಂಡರೂ ನನ್ನ ಜರಡಿ ಇಡೀ ಸಾಲನ್ನೇ ಎಸೆಯುತ್ತಿತ್ತು.

ಇಡೀ ಪದ ಹೊಂದಿದರೆ ಮಾತ್ರ ತಡೆ ಎಂದು ತಿದ್ದಿದೆ. ಆದರೆ ಕನ್ನಡದಲ್ಲಿ ಪದ ಒಂಟಿಯಾಗಿ ಓಡಾಡುವುದು ಅಪರೂಪ. ಮಂಗನ, ಮಂಗನಿಗೆ, ಮಂಗಗಳು ಎಂದು ವಿಭಕ್ತಿ ಅಂಟಿಸಿಕೊಂಡೇ ಬರುತ್ತದೆ. ಸರಿ, ಪ್ರತ್ಯಯಗಳ ಪಟ್ಟಿಯನ್ನೂ ಸೇರಿಸಿದೆ. ಈಗ ಮಂಗಳೂರು ಮರಳಿತು, ಮಂಗನ ಕಾಯಿಲೆ ಹೋಯಿತು. ಶಿವಮೊಗ್ಗದ ಓದುಗರು ಬೇಸಿಗೆ ಬಂತೆಂದರೆ ಹುಡುಕುವುದೇ ಅದನ್ನು. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೂ ಇದೇ ಗತಿಯಾಗಿತ್ತು. ಶಾಂತಿಸಾಗರ ಎಂಬ ಇನ್ನೊಂದು ಹೆಸರಿದ್ದರೂ ಆ ಕಡೆಯವರು ಬರೆಯುವುದು ಸೂಳೆಕೆರೆ ಎಂದೇ. ಕೊನೆಗೆ ತಡೆಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟೆ: ಊರು, ಕೆರೆ, ಕಾಯಿಲೆ, ಮನೆತನದ ಹೆಸರುಗಳು. ಇದರಲ್ಲಿರುವುದನ್ನು ಜರಡಿ ಮುಟ್ಟುವಂತಿಲ್ಲ.

ಸಲಹೆಗಳನ್ನು ಯಂತ್ರ ಊಹಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ನಮ್ಮಲ್ಲಿ ಊಹೆ ಕಡಿಮೆ, ಲೆಕ್ಕವೇ ಹೆಚ್ಚು. ಹಿಂದೆ ಹುಡುಕಿದವರು ಏನು ಬರೆದರು ಎಂಬ ದಾಖಲೆಯನ್ನು ಒಟ್ಟುಮಾಡಿ, ಅಕ್ಷರಗಳ ಕವಲು ಮರವೊಂದನ್ನು ಕಟ್ಟುತ್ತೇವೆ. ಪ್ರತಿ ಕವಲಿನಲ್ಲೂ ಅಲ್ಲಿಂದ ಮುಂದಕ್ಕೆ ಹೆಚ್ಚು ಬಳಕೆಯಾದ ಹತ್ತು ಸಾಲುಗಳನ್ನು ಮೊದಲೇ ಬರೆದಿಟ್ಟಿರುತ್ತೇವೆ. ಓದುಗ ಒಂದಕ್ಷರ ಒತ್ತಿದಾಗ ಆ ಕವಲಿಗೆ ಹೋಗಿ ಹತ್ತನ್ನು ಎತ್ತಿಕೊಂಡು ಬರುವುದಷ್ಟೇ ಕೆಲಸ. ಗೂಗಲ್ 2004ರಲ್ಲಿ ಪ್ರಯೋಗವಾಗಿ ಇಂಥ ಸಲಹೆಗಳನ್ನು ತೋರಿಸತೊಡಗಿದಾಗ ಬೆರಗಾದವರಲ್ಲಿ ನಾನೂ ಒಬ್ಬ. ಈಗ ನೋಡಿದರೆ ಮರ ಕಟ್ಟುವುದೇ ಸುಲಭದ ಭಾಗ.

ಕನ್ನಡದಲ್ಲಿ ಬೆರಳು ಮಾಡುವ ಕೆಲಸವೇ ಬೇರೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಲಿಮಣೆಯಲ್ಲಿ ‘ಅಡಿಕೆ’ ಬರೆಯುವವರು ಅ, ಅಡ್, ಅಡಿ, ಅಡಿಕ್, ಅಡಿಕೆ ಎಂಬ ಐದು ಮೆಟ್ಟಿಲು ಹತ್ತುತ್ತಾರೆ. ಎರಡನೆಯ ಮೆಟ್ಟಿಲಿನಲ್ಲಿ ನಮ್ಮ ಪೆಟ್ಟಿಗೆ ಅಡ್ವಾಣಿಯವರನ್ನು ಕರೆತರುತ್ತಿತ್ತು, ಮೂರನೆಯದರಲ್ಲಿ ಅವರು ಮಾಯವಾಗಿ ಅಡಿಕೆ ಬೆಲೆ ಬರುತ್ತಿತ್ತು, ನಾಲ್ಕನೆಯದರಲ್ಲಿ ಪೆಟ್ಟಿಗೆ ಪೂರ್ತಿ ಖಾಲಿ. ಕಣ್ಣಿಗೆ ಹಿಂಸೆ. ಕೊನೆಯಲ್ಲಿರುವ ಅರ್ಧಾಕ್ಷರದ ‘್’ ಗುರುತನ್ನು ಹುಡುಕುವ ಮೊದಲು ಕಳಚಿಬಿಡು ಎಂಬ ಒಂದು ಸಾಲಿನ ನಿಯಮದಿಂದ ಈ ಮಿನುಗಾಟ ನಿಂತಿತು. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಪದ. ಎಲ್ಲವನ್ನೂ ಒಂದೇ ರೂಪಕ್ಕೆ ತಂದೆ. ಹುಡುಕುವಾಗ ಹ್ರಸ್ವ ದೀರ್ಘಗಳನ್ನು, ಶ ಷಗಳನ್ನು ಒಂದಾಗಿಸಿ, ತೋರಿಸುವಾಗ ಸರಿಯಾದ ಕಾಗುಣಿತವನ್ನೇ ತೋರಿಸಿದೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಹುಮ್ಮಸ್ಸಿನಲ್ಲಿ ಅಕಾರ ಹಕಾರಗಳನ್ನೂ ಒಂದು ಮಾಡಿದೆ. ಪಡಿತರದ ಅಕ್ಕಿ ಹುಡುಕಲು ಬಂದವರಿಗೆ ಹಕ್ಕಿ ಜ್ವರ ಸಿಕ್ಕಿತು. ಆ ಸಂಜೆಯೇ ಅದನ್ನು ಹಿಂದಕ್ಕೆ ತೆಗೆದುಕೊಂಡೆ.

ಲೆಕ್ಕ ಹಾಕುವುದರಲ್ಲೂ ಪೆಟ್ಟು ತಿಂದಿದ್ದೇನೆ. ಬರೀ ಒಟ್ಟು ಸಂಖ್ಯೆ ನೋಡಿದರೆ ಹಳೆಯ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶವೇ ಸದಾ ಮೇಲೆ ಕುಳಿತಿರುತ್ತದೆ. ಹಾಗಾಗಿ ದಿನ ಕಳೆದಂತೆ ಹಳೆಯ ಹುಡುಕಾಟದ ತೂಕ ಇಳಿಯುತ್ತಾ ಹೋಗುವಂತೆ ಮಾಡಿದೆವು. ಮುಂಗಾರಿನಲ್ಲಿ ‘ಕೆಆರ್‌ಎಸ್ ನೀರಿನ ಮಟ್ಟ’ ತಾನಾಗಿಯೇ ಮೇಲೇರುತ್ತದೆ, ಅಣೆಕಟ್ಟೆ ತುಂಬಿ 124.80 ಅಡಿ ಮುಟ್ಟಿತೆಂದರೆ ಮತ್ತೆ ಇಳಿಯುತ್ತದೆ. ಒಮ್ಮೆ ಚುನಾವಣೆಗೆ ಮುನ್ನ, ನಮ್ಮ ಕಚೇರಿಯಲ್ಲಿ ಯಾರೂ ಕೇಳಿರದ ಟಿಕೆಟ್ ಆಕಾಂಕ್ಷಿಯೊಬ್ಬರ ಹೆಸರು ಮೊದಲ ಅಕ್ಷರಕ್ಕೇ ಮೇಲೆ ಬಂದು ನಿಂತಿತು. ನೋಡಿದರೆ, ಬೆರಳೆಣಿಕೆಯ ಮೊಬೈಲುಗಳಿಂದ ಹಗಲು ರಾತ್ರಿ ಅದೇ ಹೆಸರನ್ನು ಒತ್ತುತ್ತಿದ್ದರು. ಅಂದಿನಿಂದ ಎಷ್ಟು ಬಾರಿ ಹುಡುಕಿದರು ಎಂಬುದಕ್ಕಿಂತ ಎಷ್ಟು ಬೇರೆ ಬೇರೆ ಮಂದಿ ಹುಡುಕಿದರು ಎಂಬುದನ್ನು ಎಣಿಸುತ್ತೇವೆ. ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಅದು ಮರವನ್ನೇ ಹತ್ತುವುದಿಲ್ಲ. ಇದರಿಂದ ಇನ್ನೊಂದು ಉಪಕಾರವಾಯಿತು. ಜನ ಹುಡುಕು ಪೆಟ್ಟಿಗೆಯಲ್ಲಿ ತಮ್ಮ ಫೋನ್ ಸಂಖ್ಯೆ, ಆಧಾರ್ ಸಂಖ್ಯೆಯನ್ನೂ ಬರೆದುಬಿಡುತ್ತಾರೆ. ಅವು ಇನ್ನೊಬ್ಬರ ಪರದೆಯ ಮೇಲೆ ಸಲಹೆಯಾಗಿ ಬರುವ ಭಯ ತಪ್ಪಿತು. ಉದ್ದನೆಯ ಅಂಕಿಗಳಿಗೆ ಬೇರೆ ತಡೆಯೂ ಇದೆ.

ಇವೆಲ್ಲ ತಂತ್ರದ ಮಾತು. ನನ್ನ ನಿದ್ದೆ ಕೆಡಿಸಿದ್ದು ಒಂದು ಸಾಮಾನ್ಯ ಪದ: ಜಾತಿ.

ಯಾರಿಗಾದರೂ ಪ್ರಶಸ್ತಿ ಬಂದರೆ, ಯಾರಾದರೂ ಮಂತ್ರಿಯಾದರೆ, ಅವರ ಹೆಸರಿನ ಮುಂದೆ ಆ ಪದ ಬಂದು ಕೂರುತ್ತಿತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪಿ.ವಿ. ಸಿಂಧು ಬೆಳ್ಳಿ ಗೆದ್ದಾಗ ದೇಶದ ಜನ ಅವರ ಜಾತಿಯನ್ನು ಹುಡುಕಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ನಮ್ಮ ಓದುಗರೇನು ಬೇರೆಯವರಲ್ಲ. ದಾಖಲೆಯನ್ನು ಬಿಡಿಸಿ ನೋಡಿದಾಗ ಕಂಡದ್ದು ಬೇರೆ. ಆ ಸಾಲನ್ನು ತಾವಾಗಿಯೇ ಪೂರ್ತಿ ಬರೆದವರು ಕೆಲವರು. ಉಳಿದವರು ಹೆಸರನ್ನಷ್ಟೇ ಬರೆಯುತ್ತಿದ್ದರು, ಕೆಳಗೆ ಸಲಹೆ ಕಾಣುತ್ತಿತ್ತು, ಒತ್ತುತ್ತಿದ್ದರು. ಒತ್ತಿದ್ದೂ ಲೆಕ್ಕಕ್ಕೆ ಸೇರಿ ಸಲಹೆ ಇನ್ನೂ ಮೇಲೇರುತ್ತಿತ್ತು. ಕುತೂಹಲ ಅವರದೋ ನಾನು ಹುಟ್ಟಿಸಿದ್ದೋ ಎಂದು ಹೇಳಲಾಗದ ಸ್ಥಿತಿ. ಸಲಹೆಯನ್ನು ಒತ್ತಿದ್ದಕ್ಕೆ ಕಡಿಮೆ ತೂಕ, ತಾವೇ ಬರೆದದ್ದಕ್ಕೆ ಪೂರ್ತಿ ತೂಕ ಎಂದು ಬದಲಿಸಿದೆ. ವ್ಯಕ್ತಿಯ ಹೆಸರಿನ ಜೊತೆ ‘ಜಾತಿ’ ಬಂದರೆ ಸಲಹೆ ಬೇಡ ಎಂಬ ನಿಯಮವನ್ನೂ ಹಾಕಿದೆ. ಪದವನ್ನೇ ತಡೆಯುವಂತಿರಲಿಲ್ಲ; ಜಾತಿ ಪ್ರಮಾಣಪತ್ರ ಬೇಕಾದವರಿದ್ದಾರೆ, ಜಾತಿಗಣತಿಯ ಸುದ್ದಿ ಓದುವವರಿದ್ದಾರೆ.

“ಜನ ಕೇಳುವುದನ್ನು ತಡೆಯಲು ನೀವು ಯಾರು?” ಎಂದು ಸಹೋದ್ಯೋಗಿಯೊಬ್ಬರು ಜಗಳಕ್ಕೇ ನಿಂತರು. ಪೂರ್ತಿ ಬರೆದು ಹುಡುಕಿದವರಿಗೆ ಈಗಲೂ ಫಲಿತಾಂಶ ಸಿಗುತ್ತದೆ. ನಾನು ಬಾಯಿಗೆ ತುರುಕುವುದನ್ನಷ್ಟೇ ನಿಲ್ಲಿಸಿದ್ದೇನೆ ಎಂದೆ. ಸಲಹೆ ಎಂದರೆ ತಾಣವೇ ಆಡಿದ ಮಾತು ಎಂದು ಓದುಗ ತಿಳಿಯುತ್ತಾನೆ. ವ್ಯಕ್ತಿಯ ಹಕ್ಕಿಗೆ ಧಕ್ಕೆ ತರುವ ಸಲಹೆಯ ಬಗ್ಗೆ ದೂರು ಬಂದ ಮೇಲೆ ಹುಡುಕು ಸಂಸ್ಥೆ ಸುಮ್ಮನಿರುವಂತಿಲ್ಲ ಎಂದು ಜರ್ಮನಿಯ ಫೆಡರಲ್ ನ್ಯಾಯಾಲಯ 2013ರಲ್ಲೇ ಹೇಳಿದೆ. ಆ ಸಹೋದ್ಯೋಗಿ ಇನ್ನೂ ಒಪ್ಪಿಲ್ಲ.

ಇದರ ಒಡಹುಟ್ಟು ‘ನಿಧನ’. ಬದುಕಿರುವ ನಟರ ಹೆಸರಿನ ಮುಂದೆ ಅದು ಬಂದರೆ, ವದಂತಿಗೆ ನಾವೇ ರೆಕ್ಕೆ ಕಟ್ಟಿದಂತೆ. ಆದ್ದರಿಂದ ನಮ್ಮ ಸುದ್ದಿಮನೆ ಖಚಿತಪಡಿಸಿಕೊಂಡು ಸುದ್ದಿ ಪ್ರಕಟಿಸುವವರೆಗೆ ಆ ಜೋಡಿ ತೆರೆದುಕೊಳ್ಳುವುದಿಲ್ಲ. ಒಂದು ರಾತ್ರಿ ಹಿರಿಯ ಕಲಾವಿದರೊಬ್ಬರು ನಿಜಕ್ಕೂ ತೀರಿಕೊಂಡರು. ಆಸ್ಪತ್ರೆಯ ಹೇಳಿಕೆ ಬರುವುದು ತಡವಾಯಿತು, ಸುದ್ದಿ ತಡವಾಯಿತು, ಸಲಹೆ ಅದಕ್ಕಿಂತ ತಡವಾಯಿತು. ಮಂಗಳೂರನ್ನು ಕೇಳಿಕೊಂಡು ಬಂದಿದ್ದ ಅದೇ ಹಿರಿಯರು ಮರುದಿನ ಬಂದು, ಈ ನಿಯಮವನ್ನು ಕಿತ್ತುಹಾಕು ಎಂದರು. ನಾನು ಕಿತ್ತಿಲ್ಲ.