ಸೆಮಿನಾರ್ ತಲೆ ಮೇಲಿಂದ ಹೋಗದಂತೆ ಕೇಳುವುದು ಹೇಗೆ?

ಮುಂಬೈಯ ಡೊಂಬಿವಲಿ, ಮಾಟುಂಗ, ಮುಲುಂಡ್ ಕಡೆ ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿರುವ ನಮ್ಮ ಕನ್ನಡದ ಮಕ್ಕಳಿಗೆ ಒಂದು ಅನುಕೂಲ ಇದೆ. ಕೊಲಾಬಾದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಪೊವಾಯಿಯ ಐಐಟಿ ಎರಡಕ್ಕೂ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಪುಣೆಯವರಿಗೆ ಪಾಷಾಣ್ ಬಡಾವಣೆಯಲ್ಲಿ ವಿಜ್ಞಾನ ಶಿಕ್ಷಣ, ಸಂಶೋಧನೆಯ ಸಂಸ್ಥೆ ಐಸರ್ ಇದೆ. ಅನ್ವಯಿಕ ಗಣಿತ, ಸಂಭವನೀಯತೆ, ಸ್ಟೊಕ್ಯಾಸ್ಟಿಕ್ ಪ್ರಕ್ರಿಯೆಗಳ (ಆಕಸ್ಮಿಕವಾಗಿ ಬದಲಾಗುತ್ತಾ ಹೋಗುವ ಸಂಗತಿಗಳ) ಮೇಲೆ ಸಂಶೋಧಕರು ಅಲ್ಲಿ ಬಂದು ಮಾತಾಡುತ್ತಾರೆ. ಆದರೆ ಒಮ್ಮೆ ಹೋದ ಎಷ್ಟೋ ವಿದ್ಯಾರ್ಥಿಗಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ‘ಏನೂ ಅರ್ಥ ಆಗ್ಲಿಲ್ಲ’ ಅನ್ನುವುದೇ ಕಾರಣ.

ಎಲ್ಲ ಅರ್ಥ ಆಗಬೇಕು ಅಂತ ಕೂತರೆ ಹಾಗೇ ಆಗುವುದು. ತನ್ನ ವಿಷಯ ಅಲ್ಲದಿದ್ದರೆ ಮುಂದಿನ ಸಾಲಿನ ಪ್ರೊಫೆಸರಿಗೂ ಅರ್ಧ ದಾರಿಯಲ್ಲಿ ಎಳೆ ತಪ್ಪುತ್ತದೆ. ಅವರು ಮುಖದಲ್ಲಿ ತೋರಿಸುವುದಿಲ್ಲ, ಅಷ್ಟೇ. ನಾನು ಹೇಳುವುದು ಇಷ್ಟು: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಣ್ಣ ಲೆಕ್ಕವನ್ನು ಜೊತೆಗೆ ಒಯ್ಯಿರಿ. ಬೋರ್ಡ್ ಮೇಲೆ ಏನು ಬಂದರೂ ಅದರ ಮೇಲೆ ಹಚ್ಚಿ ನೋಡಿ.

1. ಮೊದಲು ನೋಟಿಸ್ ಓದಿ

ಶೀರ್ಷಿಕೆ ನೋಡಿ ಹೆದರಬೇಡಿ. ಅದರ ಕೆಳಗಿನ ಸಾರಾಂಶದ ಮೊದಲ ಎರಡು ವಾಕ್ಯ ಸಾಕು. ಅದರಲ್ಲಿ ಯಾರದಾದರೂ ಹೆಸರು ಬಂದರೆ ಹುಡುಕಿ ಓದಿ. ‘ಕಾರ್ಹುನೆನ್–ಲೊಯೆವ್’ ಅಂತ ಇದೆ ಅನ್ನಿ. ಆಕಸ್ಮಿಕ ಏರಿಳಿತವನ್ನು ಸರಳ ಭಾಗಗಳ ಮೊತ್ತವಾಗಿ ಬಿಡಿಸುವ ವಿಧಾನ ಅದು. ಅದೇ ವಿಚಾರವನ್ನು 1943ರಲ್ಲೇ ಬರೆದವರು ಗೋವಾದಲ್ಲಿ ಹುಟ್ಟಿದ ಡಿ.ಡಿ. ಕೊಸಾಂಬಿ. ಆಗ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಆಮೇಲೆ ಟಿಐಎಫ್‌ಆರ್ ಸೇರಿ, ಪುಣೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಮುಂಬೈಗೆ ಓಡಾಡಿದರು. ನಮ್ಮಲ್ಲಿ ಜಾಸ್ತಿ ಜನಕ್ಕೆ ಅವರು ಇತಿಹಾಸಕಾರ ಅಂತ ಮಾತ್ರ ಗೊತ್ತು, ಅಲ್ವಾ?

2. ಗೇಟಿನ ಕೆಲಸ ಮೊದಲೇ ಮುಗಿಸಿ

ಸೆಮಿನಾರ್ ನಡೆಸುವವರಿಗೆ ಎರಡು ಸಾಲಿನ ಇಮೇಲ್ ಹಾಕಿ, ಬರಬಹುದೇ ಅಂತ ಕೇಳಿ. ಫೋಟೊ ಇರುವ ಗುರುತಿನ ಚೀಟಿ ಇರಲಿ. ಟಿಐಎಫ್‌ಆರ್ ಇರುವುದು ನೇವಿ ನಗರದ ತುದಿಯಲ್ಲಿ, ಸಿಎಸ್ಎಂಟಿಯಲ್ಲಿ ಇಳಿದ ಮೇಲೂ ದೂರ ಇದೆ. ಐಐಟಿಗೆ ಕಾಂಜುರ್‌ಮಾರ್ಗ್‌ನಲ್ಲಿ ಇಳಿದರೆ ಹತ್ತಿರ.

3. ಜೊತೆಗೆ ಒಯ್ಯುವ ಲೆಕ್ಕ

ಇಲ್ಲಿ ಒಂದು ಸಂಜೆ ಕೂರಬೇಕು. ನಿಮ್ಮ ಹತ್ತಿರ 30 ರೂಪಾಯಿ ಇದೆ. ನಾಣ್ಯ ಚಿಮ್ಮುತ್ತೀರಿ. ಹೆಡ್ ಬಿದ್ದರೆ ಒಂದು ರೂಪಾಯಿ ಬರುತ್ತದೆ, ಟೇಲ್ ಬಿದ್ದರೆ ಒಂದು ಹೋಗುತ್ತದೆ. 100 ಮುಟ್ಟಿದರೆ ಅಥವಾ ಕೈ ಖಾಲಿಯಾದರೆ ಆಟ ಮುಗಿಯಿತು. 100 ಮುಟ್ಟುವ ಸಂಭವ ಎಷ್ಟು?

ಆಟದಲ್ಲಿ ಮೋಸ ಇಲ್ಲ. ಹಾಗಾಗಿ ಕೊನೆಯಲ್ಲೂ ಸರಾಸರಿ 30 ರೂಪಾಯಿಯೇ ಉಳಿಯಬೇಕು. ಕೊನೆಯಲ್ಲಿ ಸಿಗುವುದು 100 ಅಥವಾ ಸೊನ್ನೆ. ಅಂದರೆ ಗೆಲ್ಲುವ ಸಂಭವ 30 ಪರ್ಸೆಂಟ್. ಆಟ ಸರಾಸರಿ ಎಷ್ಟು ಹೊತ್ತು ನಡೆಯುತ್ತದೆ? 30 ಗುಣಿಸು 70, ಒಟ್ಟು 2100 ಚಿಮ್ಮು. ಇಷ್ಟು ಉದ್ದ ಅಂತ ಯಾರೂ ಊಹಿಸುವುದಿಲ್ಲ.

ಇಷ್ಟು ಮಾಡಿದರೆ ಅರ್ಧ ಶಬ್ದಕೋಶ ನಿಮ್ಮ ಕೈಯಲ್ಲಿದೆ. ಮೋಸ ಇಲ್ಲದ ಆಟವೇ ಮಾರ್ಟಿಂಗೇಲ್. ಆಟ ನಿಲ್ಲುವ ಹೊತ್ತೇ ಸ್ಟಾಪಿಂಗ್ ಟೈಮ್. ಈವರೆಗೆ ಬಿದ್ದ ನಾಣ್ಯಗಳಿಂದ ನಿಮಗೆ ಏನೇನು ಗೊತ್ತಾಗಿದೆಯೋ ಅದು ಫಿಲ್ಟ್ರೇಶನ್. ಹೆಜ್ಜೆಗಳನ್ನು ಚಿಕ್ಕದು ಮಾಡಿ, ಬೇಗ ಬೇಗ ಚಿಮ್ಮುತ್ತಾ ಹೋದರೆ ಕೊನೆಗೆ ಸಿಗುವುದು ಬ್ರೌನಿಯನ್ ಚಲನೆ. 1827ರಲ್ಲಿ ರಾಬರ್ಟ್ ಬ್ರೌನ್ ಪರಾಗದ ಒಳಗಿಂದ ಬಂದ ಸಣ್ಣ ಕಣಗಳು ನೀರಿನಲ್ಲಿ ನಡುಗುವುದನ್ನು ನೋಡಿದರು. 1900ರಲ್ಲಿ ಬಾಷೆಲಿಯೆ ಪ್ಯಾರಿಸ್‌ನಲ್ಲಿ ಇದೇ ಗಣಿತವನ್ನು ಷೇರು ಬೆಲೆಗೆ ಹಚ್ಚಿದರು. ಐನ್‌ಸ್ಟೈನ್ ಕಣಗಳಿಗೆ ಹಚ್ಚಿದ್ದು 1905ರಲ್ಲಿ. ದಲಾಲ್ ಸ್ಟ್ರೀಟ್ ಕೆಲಸದ ಆಸೆಯಿಂದ ಈ ವಿಷಯಕ್ಕೆ ಬರುವವರಿಗೆ ಈ ಕ್ರಮ ಗೊತ್ತಿರಲಿ.

ಸ್ಟೊಕ್ಯಾಸ್ಟಿಕ್ ಡಿಫರೆನ್ಷಿಯಲ್ ಸಮೀಕರಣ, ಅಂದರೆ ಆಕಸ್ಮಿಕವೂ ಸೇರಿದ ಬದಲಾವಣೆಯ ಸಮೀಕರಣ, ಬಂದಾಗಲೂ ಗಾಬರಿ ಬೇಡ. ಬಲಗಡೆ ಎರಡು ಪದ ಇರುತ್ತವೆ. ಒಂದು, ಆಟವನ್ನು ಒಂದು ಕಡೆಗೆ ಎಳೆಯುವ ಭಾಗ. ಇನ್ನೊಂದು, ನಾಣ್ಯ ಚಿಮ್ಮುವ ಭಾಗ. ಆ ಎರಡನೆಯದಕ್ಕೆ ಸರಿಯಾದ ಅರ್ಥ ಕೊಟ್ಟವರು ಜಪಾನಿನ ಇಟೊ, 1944ರಲ್ಲಿ.

ಲಾರ್ಜ್ ಡೀವಿಯೇಶನ್, ಅಂದರೆ ಸರಾಸರಿಯಿಂದ ಬಹಳ ದೂರ ಹೋಗುವ ಅಪರೂಪದ ಫಲಿತಾಂಶಗಳ ಲೆಕ್ಕ. ಅದೂ ನಾಣ್ಯವೇ. 100 ಸಲ ಚಿಮ್ಮಿದರೆ 60 ಅಥವಾ ಜಾಸ್ತಿ ಹೆಡ್ ಬೀಳುವ ಸಂಭವ ಸುಮಾರು 3 ಪರ್ಸೆಂಟ್. 1000 ಸಲ ಚಿಮ್ಮಿ 600 ಅಂದರೆ ನೂರು ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಈ ಸಂಭವ ಎಷ್ಟು ವೇಗವಾಗಿ ಕುಸಿಯುತ್ತದೆ ಅನ್ನುವುದರ ದೊಡ್ಡ ಸಿದ್ಧಾಂತ ಕಟ್ಟಿದ್ದಕ್ಕೆ ಚೆನ್ನೈಯಲ್ಲಿ ಹುಟ್ಟಿದ ಎಸ್.ಆರ್.ಎಸ್. ವರದನ್ ಅವರಿಗೆ 2007ರ ಆಬೆಲ್ ಪ್ರಶಸ್ತಿ ಬಂತು.

4. ಹಾಲ್‌ನಲ್ಲಿ

ಮೊದಲ ಹದಿನೈದು ನಿಮಿಷ ಫೋನ್ ಮುಟ್ಟಬೇಡಿ. ಸಮಸ್ಯೆ ಏನು, ಯಾರಿಗೆ ಬೇಕು ಅಂತ ಹೇಳುವುದು ಆಗಲೇ. ಸ್ಲೈಡ್ ಪೂರ್ತಿ ನಕಲು ಮಾಡುವುದು ಸುಮ್ನೆ ಕೈನೋವು. ಚಿಹ್ನೆಗಳ ಪಟ್ಟಿಯೊಂದನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ, ಯಾವ ಅಕ್ಷರ ಏನು ಅಂತ. ಕೇಳುವವರಿಗೆ ಎಳೆ ತಪ್ಪುವುದು ಬಹಳ ಸಲ ಅಕ್ಷರ ಮರೆತಾಗಲೇ. ಪ್ರಮೇಯದ ಸಾಧನೆಯ (ಪ್ರೂಫ್) ನಡುವೆ ಎಳೆ ಕೈಬಿಟ್ಟು ಹೋದರೆ ಫಾಸ್ಟ್ ಲೋಕಲ್ ತಪ್ಪಿದ ಹಾಗೆ ಅಂದುಕೊಳ್ಳಿ. ಹಿಂದೆ ಓಡಬೇಡಿ, ಮುಂದಿನ ಪ್ರಮೇಯ ಬಂದಾಗ ಹತ್ತಿ.

5. ಪ್ರಶ್ನೆ

‘ಸಾದಾ ನಾಣ್ಯದ ಆಟಕ್ಕೆ ನಿಮ್ಮ ಪ್ರಮೇಯ ಏನು ಹೇಳುತ್ತದೆ?’ ಇದು ದಡ್ಡ ಪ್ರಶ್ನೆ ಅಲ್ಲ. ಒಳ್ಳೆಯ ಭಾಷಣಕಾರರಿಗೆ ಇದು ಇಷ್ಟ. ಇನ್ನೊಂದು: ‘ಈ ಷರತ್ತು ತೆಗೆದರೆ ಎಲ್ಲಿ ಮುರಿಯುತ್ತದೆ?’ ಕೌಶಿ ಹಂಚಿಕೆಯ (ಆಗಾಗ ಭಾರಿ ದೊಡ್ಡದು ಬರುವ) ಹೆಜ್ಜೆಗಳನ್ನು ಇಟ್ಟರೆ ಎಷ್ಟು ಹೆಜ್ಜೆ ಹಾಕಿದರೂ ಸರಾಸರಿ ಒಂದು ಕಡೆ ನಿಲ್ಲುವುದಿಲ್ಲ. ಸರಾಸರಿ ಇರಬೇಕು ಅನ್ನುವ ಷರತ್ತು ಯಾಕೆ ಹಾಕುತ್ತಾರೆ ಅಂತ ಆಗ ಗೊತ್ತಾಗುತ್ತದೆ. ಎದ್ದು ಕೇಳಲು ಸಂಕೋಚ ಆದರೆ ಚಹಾದ ಹೊತ್ತಿನಲ್ಲಿ ಕೇಳಿ. ನನ್ನ ಪ್ರಕಾರ ಆ ಹೊತ್ತೇ ಭಾಷಣಕ್ಕಿಂತ ಲಾಭದ್ದು, ಇಂಗ್ಲಿಷ್ ತಡವರಿಸಿದರೂ ಯಾರೂ ಗಮನಿಸುವುದಿಲ್ಲ.

6. ವಾಪಸ್ ಬರುವಾಗ

ರೈಲಿನಲ್ಲಿ ಸೀಟ್ ಸಿಕ್ಕರೆ ಅಲ್ಲೇ ಐದು ಸಾಲು ಬರೆಯಿರಿ, ಕನ್ನಡದಲ್ಲೇ ಬರೆದರೂ ಆಯಿತು. ಮರುದಿನ ಭಾಷಣಕಾರರ ಪ್ರಬಂಧವನ್ನು ಸಂಶೋಧನಾ ಪ್ರಬಂಧಗಳ ಜಾಲತಾಣ ಆರ್ಕೈವ್ (arXiv)‌ನಲ್ಲಿ ಹುಡುಕಿ. ಪೀಠಿಕೆ ಮಾತ್ರ ಓದಿ. ಅದರಲ್ಲಿ ಮತ್ತೆ ಮತ್ತೆ ಬರುವ ಹಳೆಯ ಪ್ರಬಂಧ ಯಾವುದೋ ಅದನ್ನು ಮುಂದಿನ ಸೆಮಿನಾರ್‌ಗೆ ಮೊದಲು ತೆರೆದು ನೋಡಿ.